ತುಣುಕು ಕಂಡವರ ತೀರ್ಪು



2022ನೆಯ ಇಸವಿ ಜನವರಿ 3ರಂದು ರಾಮನಗರದಲ್ಲಿ ಅಂಬೇಡ್ಕರರ ಮತ್ತು ಕೆಂಪೇಗೌಡರ ಪ್ರತಿಮೆಗಳ ಅನಾವರಣ ಸಮಾರಂಭ ನಡೆಯಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ವೇದಿಕೆಯ ಮೇಲೆ ಆಸೀನರಾಗಿದ್ದರು, ಸಚಿವ ಸಿ.ಎನ್. ಅಶ್ವತ್ಥನಾರಾಯಣರು ಭಾಷಣ ಮಾಡುತ್ತಿದ್ದಾಗ ಸಭೆಯ ಒಂದು ಮಗ್ಗುಲಿನಿಂದ ಎದುರು ಪಕ್ಷದ ನಾಯಕರ ಪರವಾಗಿ ಘೋಷಣೆಗಳೆದ್ದುವು, ಸಚಿವರು ಕೂಗಿದವರಿಗೆ ಸವಾಲೆಸೆಯುವ ಧಾಟಿಯಲ್ಲಿ ಉತ್ತರಿಸಿದರು, ಆ ಎದುರು ಪಕ್ಷದ ಆಗಿನ ಸಂಸತ್ಸದಸ್ಯ ಡಿ.ಕೆ. ಸುರೇಶರು ಆಸನದಿಂದೆದ್ದು ಭಾಷಣಪೀಠದ ಕಡೆಗೆ ಧಾವಿಸಿದರು. ವಿಧಾನ ಪರಿಷತ್ತಿನ ಸದಸ್ಯರೊಬ್ಬರ ಕೈ ಧ್ವನಿವರ್ಧಕದ ಮೇಲೆ ಬಿದ್ದಿತು. ಪೊಲೀಸರು ನಡುವೆ ಬಂದರು. ಸಂಸದರು ಅಲ್ಲಿಯೇ ಧರಣಿ ಕುಳಿತರು. ಇದೆಲ್ಲವೂ ನಡೆದುದು ಕೆಲವೇ ನಿಮಿಷಗಳಲ್ಲಿ, ಹತ್ತಾರು ಕ್ಯಾಮೆರಾಗಳ ಎದುರಿನಲ್ಲಿ, ನಾಡಿನ ಮುಖ್ಯಮಂತ್ರಿಗಳ ಸಮಕ್ಷದಲ್ಲಿ. ಇಷ್ಟು ಬೆಳಕಿನಲ್ಲಿ ನಡೆದ ಘಟನೆಯ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯೆಲ್ಲಿ ಎಂದು ಯಾರಾದರೂ ಭಾವಿಸಿದರೆ ಅವರ ಸರಳ ಹೃದಯಕ್ಕೆ ನಮಸ್ಕಾರ. ಆ ಸಂಜೆಯಿಂದಲೇ ಒಂದು ಪಕ್ಷದವರಿಗೆ ಅದು ಗೂಂಡಾಗಿರಿಯಾಗಿಯೂ ಮತ್ತೊಂದು ಪಕ್ಷದವರಿಗೆ ಉದ್ದೇಶಪೂರ್ವಕವಾದ ಕೆಣಕಾಟವಾಗಿಯೂ ಕಂಡಿತು.

ಹಾಗೆ ಕಾಣುವುದಕ್ಕೆ ಯಾರೂ ಸುಳ್ಳು ಚಿತ್ರವನ್ನು ಸೃಷ್ಟಿಸಬೇಕಾಗಿರಲಿಲ್ಲ. ಸಂಸದರು ಧಾವಿಸುವ ಕ್ಷಣದಿಂದ ದೃಶ್ಯವನ್ನು ತೊಡಗಿಸಿದರೆ ತಪ್ಪೆಲ್ಲ ಅವರದಾಗಿ ತೋರುವುದು. ಅದಕ್ಕೆ ತುಸು ಮುಂಚೆ, ಸಚಿವರ ಸವಾಲಿನಿಂದ ತೊಡಗಿಸಿದರೆ ತಪ್ಪು ಸಚಿವರ ಪಾಲಿಗೆ ಹೋಗುವುದು. ಇನ್ನೂ ಸ್ವಲ್ಪ ಹಿಂದಕ್ಕೆ, ಸಭಿಕರ ಘೋಷಣೆಗಳಿಂದಲೇ ತೊಡಗಿಸಿದರೆ ಹೊಣೆ ಮೂರನೆಯವರ ತಲೆಯ ಮೇಲೆ ಬೀಳುವುದು. ಮೂರು ತುಣುಕುಗಳಲ್ಲಿಯೂ ಒಂದೊಂದು ಚೌಕಟ್ಟೂ ನಿಜ. ಸುಳ್ಳು ಇರುವುದು ಚಿತ್ರದ ಒಳಗಲ್ಲ, ಅಂಚಿನಲ್ಲಿ. ಕತ್ತರಿ ಬಿದ್ದ ಎಡೆಯಲ್ಲಿ. ಒಳಗಿನ ಸುಳ್ಳನ್ನು ಹಿಡಿಯಲು ಈಗ ಯಂತ್ರಗಳಿವೆ, ತಜ್ಞರಿದ್ದಾರೆ. ಅಂಚಿನ ಸುಳ್ಳನ್ನು ಹಿಡಿಯುವುದಕ್ಕೆ ನೋಡುವವನ ಸಂಶಯವೊಂದಲ್ಲದೆ ಬೇರೆ ಉಪಕರಣ ನನಗೆ ತಿಳಿದಿಲ್ಲ. ಈ ಮೂರು ಕಥೆಗಳಲ್ಲಿ ಯಾವುದು ಗೆದ್ದರೂ, ಅಂದಿನ ಪ್ರತಿಮೆಗಳು ಯಾರವಾಗಿದ್ದುವೆಂಬುದು ಮಾತ್ರ ಯಾರ ಸ್ಮರಣೆಯಲ್ಲಿಯೂ ಉಳಿಯುವುದಿಲ್ಲವೆಂಬುದನ್ನು ಇಲ್ಲಿಯೇ ಸೂಚಿಸಿ ಮುಂದಕ್ಕೆ ಹೋಗುತ್ತೇನೆ. ಏಕೆಂದರೆ ನಾನು ಹೇಳಬೇಕೆಂದಿರುವ ಮಾತಿನ ಬೀಜ ಅಲ್ಲಿಯೇ ಇದೆ.

ಪ್ರತಿಭಟನೆಗಳ ದೃಶ್ಯಗಳಿಗೂ ಇದೇ ಗತಿ. ನಮ್ಮ ಸೀಮೆಯ ಪ್ರತಿಭಟನೆಯೆಂದರೆ ಏನೆಂಬುದನ್ನು ಬಲ್ಲವರು ಬಲ್ಲರು. ರಾಮನಗರದ ಐಜೂರು ವೃತ್ತವಿರಲಿ, ಕನಕಪುರದ ಚನ್ನಬಸಪ್ಪ ವೃತ್ತವಿರಲಿ, ಮಾಗಡಿಯ ತಾಲ್ಲೂಕು ಕಚೇರಿಯ ಎದುರಿರಲಿ, ಅದರ ಬಹುಭಾಗ ಅತ್ಯಂತ ನೀರಸವಾದ ಸಂಗತಿ. ಹತ್ತಕ್ಕೆಂದು ಕರೆದ ಧರಣಿ ಹನ್ನೊಂದಕ್ಕೆ ಕೂಡುತ್ತದೆ. ಆಟೋರಿಕ್ಷಾದ ಮೇಲೆ ಕಟ್ಟಿದ ಧ್ವನಿವರ್ಧಕ ಎರಡು ಸಲ ಕೀರಲಿ ಮೂರನೆಯ ಸಲ ಮಾತನಾಡುತ್ತದೆ. ಹಸಿರು ಶಾಲು ಹೊದ್ದ ಹಿರಿಯರು ಶಾಮಿಯಾನದ ನೆರಳನ್ನು ಹಿಂಬಾಲಿಸಿ ಕುಳಿತ ಎಡೆಯಿಂದ ಎಡೆಗೆ ಸರಿಯುತ್ತಾರೆ. ಒಬ್ಬರಾದ ಮೇಲೊಬ್ಬರು ಮಾತನಾಡುತ್ತಾರೆ. ಭೂಸ್ವಾಧೀನದ ಪರಿಹಾರವೋ, ಕೆರೆಗೆ ಬಾರದ ನೀರೋ, ರೇಷ್ಮೆಗೂಡಿನ ಬೆಲೆಯೋ, ವಿಷಯ ಯಾವುದಾದರೂ ಅಂಕಿ ಅಂಶಗಳಿಂದ ತುಂಬಿದ ಆ ಮಾತುಗಳನ್ನು ಮುಂದಿನ ಎರಡು ಸಾಲಿನವರು ಮಾತ್ರ ಕೇಳುತ್ತಾರೆ. ಮಧ್ಯಾಹ್ನಕ್ಕೆ ತಹಶೀಲ್ದಾರರು ಬಂದು ಮನವಿಪತ್ರ ಸ್ವೀಕರಿಸಿ, ಮೇಲಿನವರಿಗೆ ಕಳುಹಿಸುವೆನೆಂದು ಹೇಳಿ, ಛಾಯಾಚಿತ್ರಕ್ಕೆ ನಿಂತು ಹೋಗುತ್ತಾರೆ.

ಇದರ ನಡುವೆ ಅರ್ಧ ತಾಸು ರಸ್ತೆ ತಡೆ ನಡೆಯಿತೆಂದೂ, ಆ ಹೊತ್ತಿಗೆ ಸರಿಯಾಗಿ ಆಂಬುಲೆನ್ಸ್ ಒಂದು ಬಂದಿತೆಂದೂ ಇಟ್ಟುಕೊಳ್ಳೋಣ. ರಸ್ತೆಗೆ ಅಡ್ಡವಾಗಿ ಟ್ರ್ಯಾಕ್ಟರ್ ನಿಂತಿದೆ. ಅದರ ಚಾಲಕ ಎಲ್ಲಿಯೋ ಚಹಾ ಕುಡಿಯುತ್ತಿದ್ದಾನೆ. ಸೈರನ್ ಕೂಗುತ್ತಿದೆ, ನಾಲ್ಕಾರು ಮಂದಿ ಅವನ ಹೆಸರು ಹಿಡಿದು ಕರೆಯುತ್ತಾರೆ, ಒಬ್ಬನು ಕೈ ಬೀಸುತ್ತಾನೆ, ಇನ್ನೊಬ್ಬನು ಬೈಯುತ್ತಾನೆ, ಚಾಲಕ ಓಡಿ ಬರುತ್ತಾನೆ, ಟ್ರ್ಯಾಕ್ಟರ್ ಹಿಂದಕ್ಕೆ ಸರಿಯುತ್ತದೆ, ಬೈದವನೇ ಮುಂದೆ ನಿಂತು ದಾರಿ ಬಿಡಿಸಿ ಆಂಬುಲೆನ್ಸನ್ನು ಕಳುಹಿಸುತ್ತಾನೆ. ಒಟ್ಟಿಗೆ ಒಂದೂವರೆ ನಿಮಿಷದ ಸಂಗತಿ. ಈಗ ಇದರ ಮೊದಲ ನಲವತ್ತು ಸೆಕೆಂಡುಗಳನ್ನು ಉಳಿಸಿಕೊಂಡು, ಚಾಲಕನು ಓಡಿಬರುವ ಮುನ್ನವೇ ಕತ್ತರಿಸಿ, ರೋಗಿಯ ಪ್ರಾಣಕ್ಕಿಂತ ಇವರಿಗೆ ಧರಣಿ ಹೆಚ್ಚಾಯಿತೆ ಎಂಬ ತಲೆಬರಹ ಕೊಟ್ಟು ಬಿಡಿರಿ. ಬೀಸಿದ ಕೈ ಹೊಡೆಯಲು ಎತ್ತಿದ ಕೈಯಾಗುತ್ತದೆ. ಚಾಲಕನಿಗೆ ಬೈದ ಬೈಗುಳ ಆಂಬುಲೆನ್ಸಿನವನಿಗೆ ಬೈದುದಾಗುತ್ತದೆ. ವಿರುದ್ಧ ಪಕ್ಷದ ಜಾಣನೊಬ್ಬನು ಕಡೆಯ ಮೂವತ್ತು ಸೆಕೆಂಡುಗಳನ್ನು ಮಾತ್ರ ಇಟ್ಟುಕೊಂಡು, ಹಿನ್ನೆಲೆಗೆ ಮಧುರವಾದ ಗೀತೆಯೊಂದನ್ನು ಸೇರಿಸಿ, ಮಾನವೀಯತೆ ಮೆರೆದ ರೈತರು ಎಂದು ಹರಿಯಬಿಡಬಹುದು. ಎರಡೂ ಸಾವಿರಾರು ಮೊಬೈಲುಗಳಲ್ಲಿ ಓಡಾಡುತ್ತವೆ. ಎರಡಕ್ಕೂ ಮೆಚ್ಚುಗೆ ಬರುತ್ತದೆ. ಮನವಿಪತ್ರದಲ್ಲಿ ಏನಿದ್ದಿತೆಂಬುದನ್ನು ಎರಡರ ಕೆಳಗೂ ಒಬ್ಬನೂ ಕೇಳಿರುವುದಿಲ್ಲ.

ಪ್ರತಿಭಟನೆಯ ಕತ್ತರಿಸಿದ ದೃಶ್ಯದಿಂದ ಒಂದು ಪಕ್ಷಕ್ಕೆ ಹಾನಿ, ಇನ್ನೊಂದಕ್ಕೆ ಲಾಭ ಎಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ನನಗೆ ಹಾಗೆ ತೋರುವುದಿಲ್ಲ. ಪಕ್ಷಗಳು ಇಂದು ಸೋತುದನ್ನು ನಾಳೆ ಇನ್ನೊಂದು ತುಣುಕಿನಿಂದ ಗೆದ್ದುಕೊಳ್ಳುತ್ತವೆ. ನಿಜವಾಗಿ ಕಳೆದುಹೋಗುವುದು ಜನರು ಬಿಸಿಲಿನಲ್ಲಿ ಬಂದು ಕುಳಿತ ಕಾರಣ. ನೂಕಾಟ ಉಳಿಯುತ್ತದೆ, ಬೇಡಿಕೆ ಅಳಿಯುತ್ತದೆ. ಕತ್ತರಿಯು ಮೊದಲು ತೆಗೆದುಹಾಕುವುದು ನೀರಸವಾದುದನ್ನು. ಪ್ರತಿಭಟನೆಯಲ್ಲಿ ನೀರಸವಾದುದೇ ಅದರ ಸಾರ.

ಕತ್ತರಿಸುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ಈ ಭಾಷಣಕ್ಕೂ ಇಷ್ಟು ನಿಮಿಷವೆಂಬ ಕಟ್ಟಳೆಯುಂಟು. ಬರೆದುದರಲ್ಲಿ ಸ್ವಲ್ಪ ಭಾಗ ಬಿಟ್ಟುಹೋಗಿದೆ, ಬಹುಶಃ ಅದು ನಿಮ್ಮ ಪುಣ್ಯವೇ ಇರಬಹುದು. ದೀರ್ಘವಾದುದನ್ನು ಸಂಕ್ಷೇಪಿಸಿ ಹೇಳುವುದು ಒಂದು ವ್ಯಾಪಾರ. ತೀರ್ಪನ್ನು ಮೊದಲು ನಿಶ್ಚಯಿಸಿಕೊಂಡು ಅದಕ್ಕೆ ಒಗ್ಗುವ ಸಾಕ್ಷ್ಯವನ್ನು ಮಾತ್ರ ಉಳಿಸಿಕೊಳ್ಳುವುದು ಬೇರೆಯೇ ವ್ಯಾಪಾರ. ಕತ್ತರಿ ಎರಡಕ್ಕೂ ಒಂದೇ.

ಆ ಕತ್ತರಿಯ ಮಹಿಮೆಯನ್ನು ರಾಮನಗರದವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 1973ರಲ್ಲಿ ಅಲ್ಲಿಯ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣ ತೊಡಗಿ, 1975ರ ಆಗಸ್ಟ್ 15ರಂದು ತೆರೆ ಕಂಡ ‘ಶೋಲೆ’ ಚಿತ್ರದ ಮೂಲ ಅಂತ್ಯದಲ್ಲಿ ಠಾಕೂರನು ದರೋಡೆಕೋರ ಗಬ್ಬರ್ ಸಿಂಗನನ್ನು ಕೊಂದೇ ತೀರುತ್ತಾನೆ. ತುರ್ತುಪರಿಸ್ಥಿತಿಯ ಆ ದಿನಗಳಲ್ಲಿ ಸೆನ್ಸಾರ್ ಮಂಡಳಿ ಅದಕ್ಕೆ ಒಪ್ಪಲಿಲ್ಲವಾಗಿ, ಪೊಲೀಸರು ಬಂದು ಠಾಕೂರನನ್ನು ತಡೆಯುವ ಇನ್ನೊಂದು ಅಂತ್ಯವನ್ನು ಚಿತ್ರೀಕರಿಸಿ ಜೋಡಿಸಿದರು. ಮೂರು ಗಂಟೆಗೂ ಮಿಕ್ಕ ಚಿತ್ರದಲ್ಲಿ ಮುಖ್ಯವಾಗಿ ಕಡೆಯ ಕೆಲವು ನಿಮಿಷಗಳು ಬದಲಾದುವು; ಆದರೆ ಸೇಡಿನ ಕಥೆಯಾಗಿದ್ದುದು ಕಾನೂನಿನ ಕಥೆಯಾಗಿಹೋಯಿತು. ಅದಕ್ಕೂ ಬಹಳ ಹಿಂದೆ ರಷ್ಯದಲ್ಲಿ ಲೆವ್ ಕುಲೆಶೋವ್ ಎಂಬ ಚಿತ್ರಕರ್ತನು ನಟನೊಬ್ಬನ ನಿರ್ವಿಕಾರವಾದ ಮುಖದ ಒಂದೇ ತುಣುಕನ್ನು ಸೂಪಿನ ಬಟ್ಟಲಿನ ದೃಶ್ಯಕ್ಕೂ ಶವಪೆಟ್ಟಿಗೆಯ ದೃಶ್ಯಕ್ಕೂ ಅಂಟಿಸಿ ತೋರಿಸಿದಾಗ, ಪ್ರೇಕ್ಷಕರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ಶೋಕವನ್ನೂ ಕಂಡರೆಂಬುದು ಚಲನಚಿತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಅಂದು ಈ ವಿದ್ಯೆ ಕೆಲವರ ಕೈಯಲ್ಲಿದ್ದಿತು. ಇಂದು ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಬಸ್ಸಿಗಾಗಿ ಕಾಯುತ್ತಿರುವ ಹುಡುಗನ ಹೆಬ್ಬೆರಳಿನಲ್ಲಿದೆ.

ಕತ್ತರಿಸಿದ ದೃಶ್ಯಗಳು ಜನರನ್ನು ಎಷ್ಟು ದೂರ ಒಯ್ಯಬಲ್ಲುವೆಂಬುದನ್ನು ನಾವು 2016ರ ಸೆಪ್ಟೆಂಬರಿನಲ್ಲಿ ಕಂಡೆವು. ಆ ತಿಂಗಳ 5ರಂದು ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿಗೆ ಹತ್ತು ದಿನ ದಿನಕ್ಕೆ 15,000 ಕ್ಯೂಸೆಕ್ ಕಾವೇರಿ ನೀರು ಹರಿಸಬೇಕೆಂದು ಆದೇಶಿಸಿತು. 9ರಂದು ಕರ್ನಾಟಕ ಬಂದ್ ನಡೆಯಿತು. ಆಗಿನ್ನೂ ಬೆಂಗಳೂರು–ಮೈಸೂರು ರಸ್ತೆ ರಾಮನಗರ, ಚನ್ನಪಟ್ಟಣಗಳ ಪೇಟೆಯ ನಡುವೆಯೇ ಹಾಯುತ್ತಿದ್ದಿತು. ಮಂಡ್ಯದ ಕಡೆ ರಸ್ತೆ ತಡೆಯಾದರೆ ಇಲ್ಲಿಯ ಅಂಗಡಿಯವರಿಗೆ ಅದು ತಮ್ಮ ಬಾಗಿಲಿನಲ್ಲಿಯೇ ತಿಳಿಯುತ್ತಿದ್ದಿತು. ಬಂದ್ ಶಾಂತವಾಗಿಯೇ ಮುಗಿಯಿತೆಂದು ಜನ ಉಸಿರು ಬಿಡುವಷ್ಟರಲ್ಲಿ, ಕಾವೇರಿ ಹೋರಾಟದಲ್ಲಿ ಪಾಲ್ಗೊಂಡ ಕನ್ನಡ ನಟರನ್ನು ಹಂಗಿಸಿ ಫೇಸ್‌ಬುಕ್ಕಿನಲ್ಲಿ ಬರೆದನೆಂದು ಬೆಂಗಳೂರಿನಲ್ಲಿ ತರುಣನೊಬ್ಬನನ್ನು ಕೆಲವರು ಥಳಿಸಿದರು, ಥಳಿಸಿದುದನ್ನು ತಾವೇ ಚಿತ್ರಿಸಿಯೂ ಹಂಚಿದರು. ಆ ದೃಶ್ಯ ತಮಿಳುನಾಡನ್ನು ಮುಟ್ಟಿತು. 12ರ ಬೆಳಗಿನ ಹೊತ್ತಿಗೆ ಚೆನ್ನೈಯಲ್ಲಿ ಕರ್ನಾಟಕ ಮೂಲದವರ ಹೋಟೆಲಿನ ಮೇಲೆ ದಾಳಿಯಾಯಿತು. ರಾಮೇಶ್ವರದಲ್ಲಿ ಕರ್ನಾಟಕದ ವಾಹನಗಳನ್ನು ಜಖಂಗೊಳಿಸಿ, ಚಾಲಕನೊಬ್ಬನ ಕೆನ್ನೆಗೆ ಹೊಡೆದು, ಕಾವೇರಿ ತಮಿಳುನಾಡಿನದೆಂದು ಅವನಿಂದ ಹೇಳಿಸಿದರು. ಆ ದೃಶ್ಯಗಳು ಈ ಕಡೆಗೆ ಬಂದುವು. ಮೊಬೈಲಿನಲ್ಲಿ ಸಾಲದೆಂಬಂತೆ ದೂರದರ್ಶನದ ವಾಹಿನಿಗಳಲ್ಲಿ ಮತ್ತೆ ಮತ್ತೆ ಮೂಡಿದುವು. ಅದೇ ಮಧ್ಯಾಹ್ನ ಬೆಂಗಳೂರು ಹೊತ್ತಿ ಉರಿಯಿತು. ಖಾಸಗಿ ಸಂಸ್ಥೆಯೊಂದರ ಮೂವತ್ತಕ್ಕೂ ಹೆಚ್ಚು ಬಸ್ಸುಗಳು ಒಂದೇ ಅಂಗಳದಲ್ಲಿ ಭಸ್ಮವಾದುವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬನು ಬಲಿಯಾದನು. ನಗರದ ಹಲವು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಿದ್ದಿತು.

ಈ ಸರಣಿಯಲ್ಲಿ ಯಾವ ದೃಶ್ಯವೂ ಕಪೋಲಕಲ್ಪಿತವಲ್ಲ. ಅಲ್ಲಿಯವರು ಇಲ್ಲಿಯ ಏಟನ್ನು ಕಂಡರು. ಅದೇ ದಿನ ಇದೇ ಬೆಂಗಳೂರಿನಲ್ಲಿ ಲಕ್ಷಾಂತರ ತಮಿಳರು ಎಂದಿನಂತೆ ಕೆಲಸಕ್ಕೆ ಹೋಗಿ ಮನೆಗೆ ಮರಳಿದುದನ್ನು ಯಾರೂ ಚಿತ್ರಿಸಿರಲಿಲ್ಲ. ಇಲ್ಲಿಯವರು ಅಲ್ಲಿಯ ಏಟನ್ನು ಕಂಡರು. ಆ ಏಟಿಗೆ ಹಿಂದಿನ ಏಟೊಂದಿತ್ತೆಂಬುದು ಅದನ್ನು ನೋಡಿದ ಎಷ್ಟೋ ಮಂದಿಗೆ ತಿಳಿದಿರಲಿಲ್ಲ. ಎರಡು ಅರ್ಧಸತ್ಯಗಳು ಗಡಿಯ ಎರಡು ಮಗ್ಗುಲಲ್ಲಿ ಪೂರ್ಣಸತ್ಯದ ವೇಷ ಧರಿಸಿ ನಿಂತುವು. ಅಂದು ನ್ಯಾಯಾಲಯವು ತನ್ನ ಆದೇಶವನ್ನು ತಿದ್ದಿ 20ರವರೆಗೆ 12,000 ಕ್ಯೂಸೆಕ್ ಎಂದಿತ್ತು. ಆ ಅಂಕಿಯ ಅರ್ಥವೇನು, ಕೃಷ್ಣರಾಜಸಾಗರದಲ್ಲಿ ಉಳಿದ ನೀರೆಷ್ಟು, ಸುಗ್ಗಿಯ ಗತಿಯೇನು ಎಂಬ ಮಾತು, ಉರಿಯುವ ಬಸ್ಸಿನ ಮುಂದೆ ಯಾರಿಗೆ ಬೇಕು?

ಇನ್ನೊಂದು ಪ್ರಸಂಗ ಹೀಗಿದೆ. 2024ರ ಸೆಪ್ಟೆಂಬರ್ 11ರಂದು ನಮಗೆ ನೆರೆಯಾದ ಮಂಡ್ಯ ಜಿಲ್ಲೆಯ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆಯ ವೇಳೆ ಗಲಭೆಯಾಯಿತು. ಅದನ್ನು ಖಂಡಿಸಿ 13ರಂದು ಬೆಂಗಳೂರಿನ ಪುರಭವನದ ಬಳಿ ಪ್ರತಿಭಟನೆ ನಡೆಯಿತು. ಬೆಂಗಳೂರಿನಲ್ಲಿ ಪ್ರತಿಭಟನೆಗೆಂದು ನಿಗದಿಯಾದ ಸ್ಥಳ ಫ್ರೀಡಂ ಪಾರ್ಕ್ ಆದುದರಿಂದ ಪೊಲೀಸರು ಪ್ರತಿಭಟನಕಾರರನ್ನು ವಶಕ್ಕೆ ತೆಗೆದುಕೊಂಡರು. ಅವರು ತಂದಿದ್ದ ಗಣಪತಿಯ ವಿಗ್ರಹವನ್ನು ಪೊಲೀಸ್ ವಾಹನದಲ್ಲಿ ಇರಿಸಿದರು. ವಾಹನದಲ್ಲಿ ಒಂಟಿಯಾಗಿ ಕುಳಿತ ಗಣಪತಿಯ ಆ ಚಿತ್ರ ಒಂದೇ ದಿನದಲ್ಲಿ ದೇಶವನ್ನು ಸುತ್ತಿತು. ಮರುದಿನ ಹರಿಯಾಣದ ಕುರುಕ್ಷೇತ್ರದ ಚುನಾವಣಾ ಸಭೆಯಲ್ಲಿ ಪ್ರಧಾನಮಂತ್ರಿಗಳ ಭಾಷಣದಲ್ಲಿಯೂ ಅದರ ಪ್ರಸ್ತಾಪ ಬಂದಿತು. ವಿಗ್ರಹವನ್ನು ಆಮೇಲೆ ವಿಧಿವತ್ತಾಗಿ ವಿಸರ್ಜಿಸಲಾಯಿತೆಂದು ಪೊಲೀಸರು ತಿಳಿಸಿದರು. ಆ ಮಾತು ಚಿತ್ರದಷ್ಟು ದೂರ ಪ್ರಯಾಣ ಮಾಡಲಿಲ್ಲ. ಪೊಲೀಸರು ವಿಗ್ರಹವನ್ನು ಬೇರೆ ರೀತಿಯಲ್ಲಿ ಸಾಗಿಸಬೇಕಾಗಿತ್ತೆಂದು ಯಾರಾದರೂ ವಾದಿಸಿದರೆ ಆ ವಾದಕ್ಕೆ ಸ್ಥಳವುಂಟು. ಆದರೆ ವಾದಿಸುವುದಕ್ಕಾದರೂ ಮೊದಲೇನಾಯಿತು, ಬಳಿಕೇನಾಯಿತು ಎಂಬುದು ಕೈಯಲ್ಲಿರಬೇಡವೆ? ನಾಗಮಂಗಲದಲ್ಲಿ ಅಂಗಡಿ ಸುಟ್ಟುಕೊಂಡವರ ಗೋಳಂತೂ ಆ ಚಿತ್ರದ ಯಾವ ಮೂಲೆಯಲ್ಲಿಯೂ ಇರಲಿಲ್ಲ.

ಪ್ರತಿಭಟನೆಯದಲ್ಲದ, ಆದರೆ ಈ ಕತ್ತರಿಯ ಕೆಲಸವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಶ್ಯವೊಂದುಂಟು. ಮೋಟಾರ್ ಸೈಕಲಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಸಂಸ್ಥೆಯೊಂದು ತಂದೆತಾಯಿಗಳನ್ನು ಎಚ್ಚರಿಸಲೆಂದು ಮಾಡಿದ ಚಿತ್ರ. ಕಡೆಯಲ್ಲಿ ಆ ಇಬ್ಬರೇ ಮಗುವನ್ನು ತಂದಿಳಿಸಿ ಎಚ್ಚರಿಕೆಯ ಫಲಕವೊಂದನ್ನು ಬಿಡಿಸಿ ತೋರಿಸುತ್ತಾರೆ. ಆ ಕಡೆಯ ಭಾಗವನ್ನು ಕತ್ತರಿಸಿ, ಮಕ್ಕಳ ಕಳ್ಳರು ನಮ್ಮ ಊರಿಗೆ ಬಂದಿದ್ದಾರೆಂಬ ಒಕ್ಕಣೆಯೊಡನೆ 2018ರಲ್ಲಿ ಇದನ್ನು ಭಾರತದಲ್ಲೆಲ್ಲ ಹರಡಿದರು. ಅಂತಹ ವದಂತಿಗಳ ಉಬ್ಬರದಲ್ಲಿ ಆ ವರ್ಷದ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ತರುಣನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರನೊಬ್ಬನು ಬಲಿಯಾದನು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಮುಂದಕ್ಕೆ ಕಳುಹಿಸದಂತೆ ಕಡಿವಾಣ ಹಾಕಿತು. ಐದು ಗುಂಪುಗಳಿಗೆ ಕಳುಹಿಸಿದವನು ತನ್ನ ಕರ್ತವ್ಯ ಮುಗಿಯಿತೆಂದು ಮೊಬೈಲನ್ನು ಜೇಬಿಗಿಡುತ್ತಾನೆಂದು ಭಾವಿಸಿದವರಿಗೆ ನಮ್ಮ ಜನದ ಉತ್ಸಾಹದ ಪರಿಚಯ ಸಾಲದು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. ದೃಶ್ಯವೆಲ್ಲ ಪೂರ್ಣವಾಗಿಯೇ ಇರಬೇಕೆಂದು ಹಠ ಹಿಡಿದರೆ, ದಾರಿಹೋಕನು ನಡುಗುವ ಕೈಯಿಂದ ಹಿಡಿದ ಚಿತ್ರದಿಂದ ಹೊರಬೀಳುವ ಅನ್ಯಾಯಗಳು ಮುಚ್ಚಿಹೋಗವೆ? ನ್ಯಾಯವಾದ ಪ್ರಶ್ನೆ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸನೊಬ್ಬನು ಜಾರ್ಜ್ ಫ್ಲಾಯ್ಡನ ಕೊರಳ ಮೇಲೆ ಮೊಣಕಾಲೂರಿ ಕೊಂದುದನ್ನು ಹದಿನೇಳರ ಹುಡುಗಿಯೊಬ್ಬಳು ಚಿತ್ರಿಸದಿದ್ದರೆ, ಪೊಲೀಸ್ ಇಲಾಖೆಯ ಮೊದಲ ಪ್ರಕಟಣೆಯೇ ಸತ್ಯವೆಂದು ಉಳಿಯುತ್ತಿದ್ದಿತು. ಆದರೆ ಆ ಚಿತ್ರದ ಬಲವಿದ್ದುದು ಎಲ್ಲಿ? ಒಂಬತ್ತು ನಿಮಿಷಗಳಿಗೂ ಮಿಕ್ಕಿದ ಆ ಹಿಂಸೆಯ ಅವಧಿಯನ್ನು ನುಣುಚಿಕೊಳ್ಳದೆ ನೋಡಿದುದರಲ್ಲಿ. ಅದಕ್ಕೆ ಪ್ರತಿಯಾಗಿ, 2019ರ ಜನವರಿಯಲ್ಲಿ ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಬಳಿ ಮೂಲನಿವಾಸಿ ಹಿರಿಯನ ಎದುರು ಶಾಲಾ ಬಾಲಕನೊಬ್ಬ ನಗುತ್ತ ನಿಂತ ಕಿರುದೃಶ್ಯವನ್ನು ಕಂಡು ಒಂದು ದೇಶವೇ ಬಾಲಕನನ್ನು ಶಪಿಸಿತು. ದೀರ್ಘವಾದ ಚಿತ್ರಗಳು ಹೊರಬಂದ ಮೇಲೆ ಸಂಗತಿ ಅಷ್ಟು ಸರಳವಲ್ಲವೆಂದು ತಿಳಿದು, ಕೆಲವು ದೊಡ್ಡ ಸುದ್ದಿಸಂಸ್ಥೆಗಳು ಬಾಲಕನು ಹೂಡಿದ ಮೊಕದ್ದಮೆಗಳಲ್ಲಿ ರಾಜಿ ಮಾಡಿಕೊಳ್ಳಬೇಕಾಯಿತು. ಚಿಕ್ಕ ಕೈ ಹಿಡಿದ ಚಿತ್ರಕ್ಕೆ ನನ್ನ ಆಕ್ಷೇಪವಿಲ್ಲ. ದೊಡ್ಡ ಕೈ ಕತ್ತರಿಸಿದುದಕ್ಕೆ ಉಂಟು.

ಮತ್ತೆ ನಮ್ಮ ಜಿಲ್ಲೆಗೆ ಬರೋಣ. ರಾಮನಗರದ ಆ ವೇದಿಕೆಯ ಗದ್ದಲವಾದ ಆರನೆಯ ದಿನ, 2022ರ ಜನವರಿ 9ರಂದು, ಕನಕಪುರ ತಾಲ್ಲೂಕಿನ ಸಂಗಮದಿಂದ, ಮೇಕೆದಾಟುವಿನಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟಬೇಕೆಂಬ ಪಾದಯಾತ್ರೆ ಹೊರಟಿತು. ಕೊರೋನಾದ ಮೂರನೆಯ ಅಲೆಯ ನಡುವೆ ಉಚ್ಚ ನ್ಯಾಯಾಲಯದ ಅಸಮಾಧಾನಕ್ಕೂ ಗುರಿಯಾಗಿ 13ರಂದು ರಾಮನಗರದಲ್ಲಿ ನಿಂತಿತು. ಫೆಬ್ರವರಿ 27ರಂದು ಮತ್ತೆ ರಾಮನಗರದಿಂದಲೇ ಮುಂದುವರಿದು ಬೆಂಗಳೂರನ್ನು ಸೇರಿತು. ಆ ದಿನಗಳಲ್ಲಿ ಎಲ್ಲರ ಬಾಯಲ್ಲಿದ್ದುದು ಯಾರು ಮುಖಗವಸು ಧರಿಸಿದರು, ಯಾರು ಧರಿಸಲಿಲ್ಲ, ಯಾರ ಮೇಲೆ ಮೊಕದ್ದಮೆ ಎಂಬ ಮಾತು. ಅದಕ್ಕೊಪ್ಪುವ ದೃಶ್ಯಗಳಿಗೂ ಬರವಿರಲಿಲ್ಲ. ಸುಮಾರು 67 ಟಿ.ಎಂ.ಸಿ. ನೀರು ನಿಲ್ಲಿಸುವ ಆ ಅಣೆಕಟ್ಟಿನಿಂದ ಬೆಂಗಳೂರಿಗೆ ಕುಡಿಯಲು ದೊರೆಯುವುದೆಷ್ಟು, ತಮಿಳುನಾಡಿನ ಭಯಕ್ಕೆ ಆಧಾರವೇನು, ಮುಳುಗಡೆಯಾಗುವ ಸುಮಾರು 5,000 ಹೆಕ್ಟೇರಿನಲ್ಲಿ ಬಹುಪಾಲು ಕಾವೇರಿ ವನ್ಯಧಾಮದ ಕಾಡಾಗಿರುವಾಗ ಅಲ್ಲಿಯ ಆನೆಗಳು ಮುಂದೆ ಯಾರ ಹೊಲಕ್ಕೆ ಬರುವುವು ಎಂಬ ಪ್ರಶ್ನೆಗಳು ಕನಕಪುರದ ಗಡಿಯಂಚಿನ ಹಳ್ಳಿಯವನಿಗೆ ಮುಖಗವಸಿಗಿಂತ ಹತ್ತಿರದವು. ಅವು ಮೂವತ್ತು ಸೆಕೆಂಡಿನಲ್ಲಿ ಹಿಡಿಯುವುದಿಲ್ಲ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಲಾಟಿನ ಮೇಲ್ಮೈಯನ್ನು ಮಾತ್ರ ನೋಡಿ ಬೆಲೆ ಕಟ್ಟುವ ರೀಲರ್ ಬಹುಕಾಲ ಬದುಕಲಾರ. ತಳಕ್ಕೆ ಕೈಯಿಳಿಸಿ ಹಿಡಿ ಗೂಡೆತ್ತಿ, ಗಟ್ಟಿಯೆಷ್ಟು ಜೊಳ್ಳೆಷ್ಟು ಎಂದು ಅಮುಕಿ ನೋಡಿದ ಮೇಲೆಯೇ ಅವನು ಅಂಕಿಯನ್ನು ನಿಶ್ಚಯಿಸುವುದು. ಅಂತಹವನೇ ಹೊರಗೆ ಬಂದು ಮೊಬೈಲು ತೆರೆದಾಗ ಮೇಲಿನ ಪದರಕ್ಕೇ ತೃಪ್ತನಾಗುವುದು ವಿಚಿತ್ರ. ತಳವನ್ನು ಮುಟ್ಟಿ ನೋಡುವುದಕ್ಕೆ ಇಲ್ಲಿಯೂ ಉಪಾಯಗಳುಂಟು. ಇಂದಿನದೆಂದು ಬಂದ ಲಾಠಿ ಪ್ರಹಾರದ ದೃಶ್ಯದಲ್ಲಿ ಪೇದೆಗಳ ತಲೆಯನ್ನು ನೋಡಬಹುದು: ಒಂದು ಮಗ್ಗುಲಿನ ಅಂಚು ಮಡಿಸಿದ ಹಳೆಯ ಸ್ಲೋಚ್ ಹ್ಯಾಟಿಗೆ ಬದಲಾಗಿ ಕರ್ನಾಟಕದ ಪೇದೆಗಳಿಗೆ ನೀಲಿ ಪೀಕ್ ಕ್ಯಾಪ್ ಕೊಡತೊಡಗಿದುದು 2025ರ ಅಕ್ಟೋಬರಿನಲ್ಲಿ; ನೀಲಿ ಟೋಪಿ ಕಂಡರೆ ದೃಶ್ಯ ಅದಕ್ಕಿಂತ ಹಳೆಯದಲ್ಲವೆಂಬುದಾದರೂ ಗೊತ್ತಾಗುತ್ತದೆ, ಹಳೆಯ ಹ್ಯಾಟು ಕಂಡರೆ ಇನ್ನೊಮ್ಮೆ ವಿಚಾರಿಸಬೇಕೆಂದು ತಿಳಿಯುತ್ತದೆ. 2023ರ ಆಗಸ್ಟಿನಿಂದ ಮೈಸೂರಿನ ಎಕ್ಸ್‌ಪ್ರೆಸ್ ದಾರಿಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲವಾದುದರಿಂದ, ಅವು ಅಲ್ಲಿ ಓಡುವ ದೃಶ್ಯವನ್ನು ಕಂಡರೂ ಸಂಶಯಪಡಬಹುದು; ಅಂಗಡಿಯ ಫಲಕದ ಲಿಪಿ, ಬಸ್ಸಿನ ಬಣ್ಣ, ವಾಹನದ ನೋಂದಣಿಯ ಅಕ್ಷರಗಳು ಎಷ್ಟೋ ವೇಳೆ ತಲೆಬರಹಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತವೆ.

ಇವುಗಳಿಂದ ಹಳೆಯ ದೃಶ್ಯವನ್ನು ಹಿಡಿಯಬಹುದು. ಅರ್ಧ ದೃಶ್ಯವನ್ನು ಹಿಡಿಯಲಾಗದು. ಅದಕ್ಕೆ ಅಲ್ಲಿದ್ದವರನ್ನೇ ಕೇಳಬೇಕು. ಮಾಗಡಿಯಲ್ಲಿ ಹೀಗಾಯಿತಂತೆ ಎಂದು ಬಂದ ತುಣುಕಿನ ವಿಚಾರವನ್ನು ಕೇಳಲು ಮಾಗಡಿಯಲ್ಲಿ ಒಬ್ಬ ನೆಂಟನೂ ಇಲ್ಲದ ಮನೆ ಕನಕಪುರದಲ್ಲಾಗಲಿ ಚನ್ನಪಟ್ಟಣದಲ್ಲಾಗಲಿ ಇದ್ದೀತೆ? ಭಾವನಿಗೋ ಸೋದರಮಾವನಿಗೋ ಫೋನು ಮಾಡಿ, ಧರಣಿಯವರು ಕುಳಿತದ್ದು ಯಾವುದಕ್ಕೆ, ಆಮೇಲೆ ಏನಾಯಿತು ಎಂದು ಕೇಳಿ. ಆತ ಮೊದಲು ಮಳೆಯ ಮಾತು, ಬಳಿಕ ಮಗಳ ಗಂಡಿನ ಕಡೆಯವರ ಮಾತು, ನಡುವೆ ನೀವು ಹೋದ ಹಬ್ಬಕ್ಕೆ ಬಾರದಿದ್ದುದರ ಆಕ್ಷೇಪಣೆ, ಇಷ್ಟನ್ನೂ ಮುಗಿಸಿ, ಅರ್ಧ ತಾಸಿನ ಕಡೆಯಲ್ಲಿ, ಧರಣಿ ಕುಳಿತವರು ಯಾವ ಊರಿನವರು, ಅವರ ಜಮೀನಿನ ಯಾವ ಸರ್ವೆ ನಂಬರಿನ ತಕರಾರು, ತಹಶೀಲ್ದಾರರು ಏನೆಂದು ಹೇಳಿಹೋದರು ಎಂಬುದನ್ನೆಲ್ಲ ಒಂದನ್ನೂ ಬಿಡದೆ ಹೇಳುತ್ತಾನೆ.